ಹಿತ್ತಾಳೆ ಫಲಕದಲ್ಲಿ ಎರಡು ಹೆಸರು

“ಅಜ್ಜಾ, ನೀವು ಮುಂಚೆ ಇಲ್ಲೀಗಲ್ ಆಗಿದ್ರಂತೆ, ಹೌದಾ?”

ಕೇಳಿದ್ದು ನನ್ನ ಮಗಳು, ಹನ್ನೆರಡು ವರ್ಷ. ಕೇಳಿಸಿಕೊಂಡಿದ್ದು ನಮ್ಮ ಕೆಳಮನೆಯ ಅಜ್ಜ, ಎಪ್ಪತ್ತೆಂಟು ವರ್ಷ. ಅವರಿಗೆ ಬರುವ ಒಂದೇ ಕನ್ನಡ ಪದ ‘ಅಜ್ಜ’. ಅದು ತಮ್ಮದೇ ಹೆಸರು ಅಂತ ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಎರಡು ಮೆಟ್ಟಿಲು ಮೇಲೆ ಹಾಲಿನ ಬಾಟಲಿ ಹಿಡಿದು ನಿಂತಿದ್ದೆ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಅವತ್ತು ಶಾಲೆಯಲ್ಲಿ ಪಾಠ ಆಗಿತ್ತಂತೆ. 1981ಕ್ಕೆ ಮೊದಲು ಸ್ಕಾಟ್ಲೆಂಡ್‌ನಲ್ಲಿ ಇಬ್ಬರು ಗಂಡಸರ ಪ್ರೀತಿ ಅಪರಾಧವಾಗಿತ್ತು ಅಂತ ಟೀಚರ್ ಹೇಳಿದ್ದಾರೆ. ಇವಳು ಲೆಕ್ಕ ಹಾಕಿದ್ದಾಳೆ. ಅಜ್ಜ ತಮ್ಮ ಸಂಗಾತಿ ಪಾಲ್ ಜೊತೆ ಸೂಟು ಹಾಕಿಕೊಂಡು ನಗುತ್ತಿರುವ ಫೋಟೋ ಅವರ ಹಾಲ್‌ನಲ್ಲಿದೆ. ಸರಿ, ಕೇಳಿಯೇಬಿಟ್ಟಳು.

ಅಜ್ಜ ಕೈಚೀಲ ಕೆಳಗಿಟ್ಟರು. “ಹೌದು ಮಗಾ. ನನಗೆ 33 ವರ್ಷ ಆಗೋವರೆಗೂ” ಅಂದರು. ಆಮೇಲೆ ನನ್ನ ಮುಖ ನೋಡಿ ಜೋರಾಗಿ ನಕ್ಕರು. “ನಲವತ್ತು ವರ್ಷದಿಂದ ಈ ಮೆಟ್ಟಿಲಲ್ಲಿ ಓಡಾಡ್ತಿದ್ದೀನಿ, ಹೆನ್. ಒಬ್ಬರೂ ಕೇಳಿರಲಿಲ್ಲ.”

‘ಹೆನ್’ ನಾನು. ಕೋಳಿ ಅಂತಲೇ ಅರ್ಥ. ಇಲ್ಲಿನ ಹಳೇ ತಲೆಮಾರಿನವರು ಹೆಂಗಸರನ್ನು ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ಮೊದಲ ಸಲ ಕೇಳಿದಾಗ ನಾನು ಎರಡು ದಿನ ಸಿಟ್ಟು ಮಾಡಿಕೊಂಡಿದ್ದೆ.

ನಾವಿರುವುದು ಎಡಿನ್‌ಬರಾದ ಲೀತ್‌ನಲ್ಲಿ, ಹಳೇ ಕಲ್ಲಿನ ಟೆನೆಮೆಂಟ್ ಕಟ್ಟಡದಲ್ಲಿ. ನಾಲ್ಕು ಅಂತಸ್ತು, ಎಂಟು ಮನೆ, ಎಲ್ಲರಿಗೂ ಒಂದೇ ಸುತ್ತು ಮೆಟ್ಟಿಲು. ಇಲ್ಲಿಯವರು ಅದನ್ನು ‘ಸ್ಟೇರ್’ ಅನ್ನುತ್ತಾರೆ. ಆ ಪದಕ್ಕೆ ಮೆಟ್ಟಿಲಷ್ಟೇ ಅಲ್ಲ, ನಮ್ಮ ವಠಾರದ ಅರ್ಥವೂ ಇದೆ. ಯಾರ ಮನೆಯಲ್ಲಿ ಮೀನು, ಯಾರ ಮನೆಯಲ್ಲಿ ಜಗಳ, ಎಲ್ಲ ಗೊತ್ತಾಗುತ್ತದೆ. ಗೊತ್ತಾದರೂ ಗೊತ್ತಾಗದ ಹಾಗೆ ಇರುವುದು ಇಲ್ಲಿನ ಮರ್ಯಾದೆ. ಒಂದೊಂದು ಬಾಗಿಲಿಗೂ ಮನೆಯವರ ಹೆಸರಿನ ಫಲಕ. ಅಜ್ಜನ ಬಾಗಿಲಲ್ಲಿ ಹಿತ್ತಾಳೆಯದ್ದು, ಅದರಲ್ಲಿ ಎರಡು ಮನೆತನದ ಹೆಸರುಗಳು. ಎರಡನೆಯ ಹೆಸರಿನವರಾದ ಪಾಲ್ 2012ರಲ್ಲಿ ತೀರಿಕೊಂಡರು. ಅವರಿಬ್ಬರೂ ಒಂದೇ ಮನೆಯಲ್ಲಿ ಇದ್ದದ್ದು 33 ವರ್ಷ. ಅದರಲ್ಲಿ ಮುಕ್ಕಾಲು ಪಾಲು ಕಾಲ ಸ್ಟೇರ್‌ನವರ ಬಾಯಲ್ಲಿ ಪಾಲ್ ‘ಲಾಡ್ಜರ್’. ಅಂದರೆ ಕೋಣೆ ಬಾಡಿಗೆಗೆ ಇರುವವರು. ಕುಹಕವೇನಿಲ್ಲ. ಅದು ಎಲ್ಲರಿಗೂ ಅನುಕೂಲವಾದ ಪದ, ಅಷ್ಟೇ.

ಮಗಳ ಆ ಪ್ರಶ್ನೆಯಾದ ಮೇಲೆ ಅಜ್ಜ ಮಾತಾಡಲು ಶುರು ಮಾಡಿದರು. ಭಾನುವಾರ ಸಂಜೆ ನಾನು ಚಹಾಕ್ಕೆ ಇಳಿಯುತ್ತೇನೆ. ಅವರ ಚಹಾ ನೀರು ನೀರು. ಮಾತು ಮಾತ್ರ ಗಟ್ಟಿ.

ನಾನು ಅಂದುಕೊಂಡಿದ್ದು ಬ್ರಿಟನ್ ಅಂದರೆ ಒಂದೇ ಕಾನೂನು ಅಂತ. ಹಾಗಿಲ್ಲ. 1957ರಲ್ಲಿ ವುಲ್ಫೆಂಡನ್ ಸಮಿತಿ, ವಯಸ್ಕ ಗಂಡಸರು ಒಪ್ಪಿ ಖಾಸಗಿಯಾಗಿ ಸೇರುವುದು ಅಪರಾಧ ಆಗಬಾರದು ಅಂತ ಹೇಳಿತು. ಸಮಿತಿಯಲ್ಲಿ ಈ ಮಾತಿಗೆ ಒಪ್ಪದವರು ಒಬ್ಬರೇ ಒಬ್ಬರು: ಜೇಮ್ಸ್ ಅಡೇರ್, ಗ್ಲಾಸ್ಗೋದಲ್ಲಿ ಸರ್ಕಾರದ ಪರ ಕ್ರಿಮಿನಲ್ ಮೊಕದ್ದಮೆ ನಡೆಸುತ್ತಿದ್ದ ಅಧಿಕಾರಿ. ಹತ್ತು ವರ್ಷದ ನಂತರ, 1967ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಬದಲಾಯಿತು. ಸ್ಕಾಟ್ಲೆಂಡ್ ಹಾಗೇ ಉಳಿಯಿತು. ಇಲ್ಲಿ ಮತ್ತೆ ಹದಿಮೂರು ವರ್ಷ ಬೇಕಾಯಿತು. ಆಗ ಎಡಿನ್‌ಬರಾದ ಎಂಪಿ ಆಗಿದ್ದ, ಮುಂದೆ ವಿದೇಶಾಂಗ ಮಂತ್ರಿಯಾದ ರಾಬಿನ್ ಕುಕ್ 1980ರ ಒಂದು ಮಸೂದೆಗೆ ತಿದ್ದುಪಡಿ ಸೇರಿಸಿದರು. ಜಾರಿಗೆ ಬಂದದ್ದು 1981ರ ಫೆಬ್ರವರಿ 1ಕ್ಕೆ.

ಯಾಕೆ ಅಷ್ಟು ತಡ? ಚರ್ಚಿನ ಬಿಗಿ ಒಂದು ಕಾರಣ. ಇನ್ನೊಂದು ಕಾರಣ ನನಗೆ ಜಾಸ್ತಿ ಕುತೂಹಲದ್ದು. ಅಧಿಕಾರಿಗಳು ಹೇಳುತ್ತಿದ್ದರಂತೆ: ನಾವು ಹೇಗೂ ಯಾರ ಮಲಗುವ ಕೋಣೆಗೂ ಹೋಗಿ ಕೇಸು ಹಾಕುವುದಿಲ್ಲವಲ್ಲ, ಕಾನೂನು ಬದಲಾಯಿಸುವ ರಗಳೆ ಯಾಕೆ? ಅದು ಸುಳ್ಳಲ್ಲ. ಸ್ಕಾಟ್ಸ್ ಕಾನೂನಿನಲ್ಲಿ ಅಪರಾಧ ಸಾಬೀತಾಗಲು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲದ ಸಾಕ್ಷ್ಯ ಬೇಕು. ಇಬ್ಬರೇ ಇರುವ ಕೋಣೆಯಲ್ಲಿ ಎರಡನೇ ಸಾಕ್ಷಿ ಎಲ್ಲಿಂದ ಬರಬೇಕು? ಹಾಗಾಗಿ ಕಾನೂನು ಗೋಡೆಗೆ ನೇತುಹಾಕಿದ ಕೋವಿಯ ಹಾಗೆ ಇತ್ತು. ಹೊಡೆಯಲ್ಲ, ಆದರೆ ಇಳಿಸುವುದೂ ಇಲ್ಲ.

“ಇದಕ್ಕೊಂದು ಪದ ಇದೆ ನಮ್ಮಲ್ಲಿ” ಅಂದರು ಅಜ್ಜ. “ವೀಶ್ಟ್.”

ಅಮ್ಮಂದಿರು ಮಕ್ಕಳಿಗೆ ಹೇಳುವ ಪದ. ನಮ್ಮ ‘ಶ್!’ ಮತ್ತು ‘ಸುಮ್ನಿರು’ ಎರಡೂ ಸೇರಿದರೆ ಎಷ್ಟೋ ಅಷ್ಟು.

ಆದರೆ ಕೋಣೆಯ ಹೊರಗೆ ಕೋವಿ ಹಾರುತ್ತಿತ್ತು. ಅಜ್ಜನಿಗೆ 27 ವರ್ಷ ಇದ್ದಾಗ ಒಂದು ರಾತ್ರಿ, ಊರ ಮಧ್ಯದ ಗುಡ್ಡದ ಮೇಲೆ ಪೊಲೀಸರು ಹಿಡಿದರು. ದಂಡ ಕಟ್ಟಿದರು. ದಂಡಕ್ಕಿಂತ ದೊಡ್ಡದು ಕೆಲಸ ಹೋಗಿದ್ದು. ಮರಗೆಲಸ ಮಾಡುತ್ತಿದ್ದ ಜಾಗದಲ್ಲಿ ಸೋಮವಾರ ಬೆಳಿಗ್ಗೆ ಅವರ ಉಪಕರಣದ ಪೆಟ್ಟಿಗೆ ಹೊರಗಿಟ್ಟಿತ್ತಂತೆ. ಯಾರೂ ಏನೂ ಹೇಳಲಿಲ್ಲ. ಅಲ್ಲೂ ವೀಶ್ಟ್.

ಹೆಂಗಸರ ವಿಷಯ ಇನ್ನೂ ವಿಚಿತ್ರ. ಇಬ್ಬರು ಹೆಂಗಸರ ಪ್ರೀತಿಯ ಬಗ್ಗೆ ಕಾನೂನು ಸೊಲ್ಲೇ ಎತ್ತಿರಲಿಲ್ಲ. ಇದೆ ಅಂತ ಒಪ್ಪಿದರೆ ತಾನೇ ನಿಷೇಧ ಮಾಡುವುದು! ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಡ್ರಮ್‌ಶೂ ಅಂತ ಒಂದು ಬಡಾವಣೆ ಸಿಗುತ್ತದೆ. 1809ರಲ್ಲಿ ಅಲ್ಲಿ ಮೇರಿಯನ್ ವುಡ್ಸ್, ಜೇನ್ ಪೀರಿ ಅನ್ನುವ ಇಬ್ಬರು ಟೀಚರುಗಳು ಶ್ರೀಮಂತರ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಮರುವರ್ಷ ನವೆಂಬರಿನಲ್ಲಿ ಒಬ್ಬ ಹುಡುಗಿ ತನ್ನ ಅಜ್ಜಿಗೆ ದೂರು ಹೇಳಿದಳು: ರಾತ್ರಿ ಟೀಚರುಗಳಿಬ್ಬರೂ ಒಂದೇ ಹಾಸಿಗೆಯಲ್ಲಿ ಹೀಗೆ ಹೀಗೆ ಅಂತ. ಅಜ್ಜಿ ಹೆಲೆನ್ ಕಮಿಂಗ್ ಗೋರ್ಡನ್ ದೊಡ್ಡ ಮನೆತನದವಳು. ಅವಳು ಸುದ್ದಿ ದಾಟಿಸಿದ್ದೇ ತಡ, ಒಂದೆರಡು ದಿನದಲ್ಲಿ ಶಾಲೆ ಖಾಲಿ. ಟೀಚರುಗಳು ಸುಮ್ಮನಿರಲಿಲ್ಲ. ಮಾನನಷ್ಟದ ಕೇಸು ಹಾಕಿದರು. ನ್ಯಾಯಾಧೀಶರು ಬಾಗಿಲು ಮುಚ್ಚಿಕೊಂಡು ವಿಚಾರಣೆ ನಡೆಸಿದರು. ಊರ ಕಿವಿಗೆ ಬೀಳಬಾರದಲ್ಲ!

ಈಗ ಕೇಳಿ. ಆ ಹುಡುಗಿ ಜೇನ್ ಕಮಿಂಗ್ ಹುಟ್ಟಿದ್ದು ಭಾರತದಲ್ಲಿ. ಅಪ್ಪ ಈಸ್ಟ್ ಇಂಡಿಯಾ ಕಂಪನಿಯ ನೌಕರ, ತಾಯಿ ಭಾರತೀಯಳು. ಇಂಥದ್ದನ್ನು ಮರ್ಯಾದಸ್ಥ ಬ್ರಿಟಿಷ್ ಹೆಂಗಸರು ಮಾಡಲು ಸಾಧ್ಯವೇ ಇಲ್ಲ ಅನ್ನುವುದು ನ್ಯಾಯಾಧೀಶರಲ್ಲಿ ಕೆಲವರ ವಾದ. ಹಾಗಾದರೆ ಹುಡುಗಿಯ ತಲೆಗೆ ಈ ಕಲ್ಪನೆ ಎಲ್ಲಿಂದ ಬಂತು? ಇನ್ನೆಲ್ಲಿಂದ, ಇಂಡಿಯಾದಿಂದ! ಅಲ್ಲಿನ ಆಯಾಗಳು ಕಲಿಸಿರಬೇಕು. 1812ರಲ್ಲಿ ಟೀಚರುಗಳು ಒಂದೇ ಓಟಿನ ಅಂತರದಲ್ಲಿ ಗೆದ್ದರು. 1819ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಕೂಡ ಅಜ್ಜಿಯ ಅಪೀಲನ್ನು ತಳ್ಳಿಹಾಕಿತು. ಶಾಲೆ ಮಾತ್ರ ಹೋಗಿದ್ದು ಹೋಗಿತ್ತು.

ಅವರಿಬ್ಬರ ನಡುವೆ ನಿಜಕ್ಕೂ ಪ್ರೀತಿ ಇತ್ತೋ ಇಲ್ಲವೋ, ನನಗೆ ಅದು ಮುಖ್ಯ ಅನ್ನಿಸುವುದಿಲ್ಲ. ನನ್ನನ್ನು ಕಾಡುವವಳು ಆ ಹುಡುಗಿ. ಚಳಿ ದೇಶದ ಬೋರ್ಡಿಂಗ್ ಶಾಲೆಯಲ್ಲಿ ಕಂದು ಬಣ್ಣದ ಒಬ್ಬಳೇ ಒಬ್ಬಳು. ತಪ್ಪೆಲ್ಲ ಅವಳು ಹುಟ್ಟಿದ ಊರಿನ ತಲೆಗೆ. ಇನ್ನೂರು ವರ್ಷ ಆದ ಮೇಲೆ ನಾನು ಬೆಂಗಳೂರಿಗೆ ರಜೆಗೆ ಹೋದಾಗ, ಟೀವಿಯಲ್ಲಿ ಒಬ್ಬರು ಮೇಜು ಕುಟ್ಟಿ ಹೇಳುತ್ತಿದ್ದರು, ಇದೆಲ್ಲ ಪಾಶ್ಚಾತ್ಯರ ಚಟ, ನಮ್ಮ ಸಂಸ್ಕೃತಿಯಲ್ಲಿ ಇಲ್ಲ ಅಂತ. ನನಗೆ ನಗು ತಡೆಯಲಿಲ್ಲ. ಅಮ್ಮ ಯಾಕೆ ನಗ್ತೀಯ ಅಂದರು. ಏನಿಲ್ಲ ಅಂದೆ. ಇನ್ನೊಂದು ತಮಾಷೆಯೂ ಇದೆ. ನಮ್ಮ ದಂಡ ಸಂಹಿತೆಯ ಮೊದಲ ಕರಡನ್ನು 1837ರಲ್ಲಿ ತಯಾರಿಸಿದ ಮೆಕಾಲೆ, ಊರಿಗೆ ಮರಳಿ 1839ರಲ್ಲಿ ಎಂಪಿ ಆಗಿದ್ದು ಇದೇ ಎಡಿನ್‌ಬರಾದಿಂದ. ಆ ಸಂಹಿತೆ 1860ರಲ್ಲಿ ಕಾಯ್ದೆಯಾದಾಗ, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ 377ನೇ ಕಲಮೂ ಜೊತೆಗೆ ಬಂತು. ಅದರ ಹಲ್ಲು ಕೀಳಲು ನಮಗೆ 2018ರ ಸೆಪ್ಟೆಂಬರ್ 6ರವರೆಗೆ ಬೇಕಾಯಿತು.

ಅಜ್ಜನಿಗೆ ಈ ಕಥೆ ಹೇಳಿದೆ. “ನೀವು ನಮಗೆ ಮಸಾಲೆ ಕೊಟ್ರಿ, ನಾವು ನಿಮಗೆ ಕಾನೂನು ಕೊಟ್ವಿ. ವ್ಯಾಪಾರದಲ್ಲಿ ಮೋಸ ಹೋದವರು ನೀವೇ” ಅಂದರು.

ಅಜ್ಜನ ಎಪ್ಪತ್ತು ಎಂಬತ್ತರ ದಶಕದ ಕಥೆಗಳಲ್ಲಿ ಬರೀ ದುಃಖ ಇದೆ ಅಂದುಕೊಳ್ಳಬೇಡಿ. ಪ್ರಿನ್ಸಸ್ ಸ್ಟ್ರೀಟಿನ ತುದಿಯಲ್ಲಿ ಫೈರ್ ಐಲ್ಯಾಂಡ್ ಅಂತ ಡಿಸ್ಕೋ ಇತ್ತು. ಅದರ ಕೋಟು ಇಡುವ ಕೋಣೆಯಲ್ಲಿ ಒಂದು ಪುಟ್ಟ ಪುಸ್ತಕದಂಗಡಿ. ಕುಣಿಯಲು ಬಂದವರು ಕೋಟು ಕೊಟ್ಟು ಪುಸ್ತಕ ನೋಡುತ್ತಿದ್ದರು. ಅದನ್ನು ನಡೆಸುತ್ತಿದ್ದ ಬಾಬ್ ಓರ್ ಮತ್ತು ಸಿಗ್ರಿಡ್ ನೀಲ್ಸನ್ 1982ರಲ್ಲಿ ಫೋರ್ತ್ ಸ್ಟ್ರೀಟಿನಲ್ಲಿ ಸ್ವಂತ ಅಂಗಡಿ ತೆರೆದರು. ಹೆಸರು ಲ್ಯಾವೆಂಡರ್ ಮೆನೇಸ್. ಅಜ್ಜ ಮೊದಲ ಸಲ ಆ ಅಂಗಡಿಯ ಮುಂದೆ ಮೂರು ಸುತ್ತು ಹೊಡೆದು ವಾಪಸ್ ಬಂದರಂತೆ. ನಾಲ್ಕನೇ ಸುತ್ತಿಗೆ ಮಳೆ ಬಂತು, ಒಳಗೆ ಹೋದರು. ಅಂಗಡಿ ಈಗಿಲ್ಲ. ಡಿಸ್ಕೋ ಇದ್ದ ಜಾಗದಲ್ಲಿ ಈಗ ವಾಟರ್‌ಸ್ಟೋನ್ಸ್ ಪುಸ್ತಕ ಮಳಿಗೆ ಇದೆ. ಮೇಲೆ ಕೆಫೆ, ಕಿಟಕಿಯಲ್ಲಿ ಕೋಟೆ ಕಾಣುತ್ತದೆ. ನಾನೂ ಮಗಳೂ ಎಷ್ಟೋ ಶನಿವಾರ ಅಲ್ಲಿ ಕೇಕ್ ತಿಂದಿದ್ದೇವೆ, ಕಾಲಡಿಯಲ್ಲಿ ಏನಿತ್ತು ಅಂತ ಗೊತ್ತಿಲ್ಲದೆ.

ಗ್ಲಾಸ್ಗೋದ ಕವಿ ಎಡ್ವಿನ್ ಮೋರ್ಗನ್ ಹುಟ್ಟಿದ್ದು 1920ರಲ್ಲಿ. ತಾನು ಗೇ ಅಂತ ಬಹಿರಂಗವಾಗಿ ಹೇಳಿಕೊಂಡಿದ್ದು 1990ರಲ್ಲಿ, ಎಪ್ಪತ್ತು ತುಂಬಿದಾಗ. ಅಲ್ಲಿಯವರೆಗೆ ಬರೆದ ಪ್ರೇಮ ಕವಿತೆಗಳಲ್ಲಿ ಅವರು ‘ಅವನು’, ‘ಅವಳು’ ಅನ್ನದೆ ‘ನೀನು’ ಅಂತಲೇ ಬರೆದುಕೊಂಡು ಬಂದರು. ಓದಿದವರು ಹುಡುಗಿ ಅಂದುಕೊಂಡರು. 2004ರಲ್ಲಿ ಸ್ಕಾಟ್ಲೆಂಡ್ ಅವರನ್ನೇ ತನ್ನ ಮೊದಲ ರಾಷ್ಟ್ರಕವಿ, ಅಂದರೆ ‘ಮಕಾರ್’, ಅಂತ ಆರಿಸಿತು. 2016ರಲ್ಲಿ ಆ ಪಟ್ಟ ಜ್ಯಾಕಿ ಕೇ ಅವರಿಗೆ ಸಿಕ್ಕಿತು. ಅವರು ಲೆಸ್ಬಿಯನ್. ಮೊದಲ ಮೂವರು ಮಕಾರ್‌ಗಳಲ್ಲಿ ಇಬ್ಬರು!

ಮೋರ್ಗನ್ ಬಗ್ಗೆ ಓದುವಾಗ ನನಗೆ ಕನ್ನಡ ನೆನಪಾಯಿತು. ನಮ್ಮಲ್ಲಿ ಈ ಆಟ ಇನ್ನೂ ಕಷ್ಟ. ‘ಬಂದ’ ಅನ್ನಬೇಕು, ಇಲ್ಲಾ ‘ಬಂದಳು’ ಅನ್ನಬೇಕು. ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ಆದರೆ ನಮಗೆ ‘ಬಂದರು’ ಇದೆ. ಮರ್ಯಾದೆಯ ಹೊದಿಕೆ ಹೊದಿಸಿದರೆ ಗಂಡೋ ಹೆಣ್ಣೋ ಯಾರಿಗೂ ಕಾಣುವುದಿಲ್ಲ. ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನುವವರನ್ನು ಏನಂತ ಕರೆಯುವುದು ಅಂತ ಇಂಗ್ಲಿಷಿನವರು ತಲೆ ಕೆಡಿಸಿಕೊಳ್ಳುವಾಗ, ‘ಅವರು’ ಅನ್ನೋಕೆ ನಮಗೇನೂ ಕಷ್ಟ ಇಲ್ಲವಲ್ಲ ಅಂತ ನನಗೆ ಅನ್ನಿಸುತ್ತದೆ.

ಆಮೇಲಿನದ್ದೆಲ್ಲ ಬೇಗ ಬೇಗ ಆಯಿತು. ಶಾಲೆಗಳಲ್ಲಿ ಸಲಿಂಗ ಪ್ರೀತಿಯನ್ನು ‘ಉತ್ತೇಜಿಸಬಾರದು’ ಅನ್ನುವ 1988ರ ಕಾನೂನು ಒಂದಿತ್ತು. ಅದನ್ನು ತೆಗೆಯಲು 2000ದಲ್ಲಿ ಹೊಸ ಸ್ಕಾಟಿಷ್ ಪಾರ್ಲಿಮೆಂಟ್ ಹೊರಟಾಗ ದೊಡ್ಡ ರಾದ್ಧಾಂತ ಆಯಿತು. ಬಸ್ ಉದ್ಯಮಿ ಬ್ರಯನ್ ಸೌಟರ್ ಸ್ವಂತ ದುಡ್ಡಿನಲ್ಲಿ ಊರೂರಿಗೆ ಮತಪತ್ರ ಕಳಿಸಿ ಖಾಸಗಿ ಮತದಾನವನ್ನೇ ಮಾಡಿಸಿದರು. ವಾಪಸ್ ಬಂದವುಗಳಲ್ಲಿ ಶೇ. 86ಕ್ಕೂ ಜಾಸ್ತಿ ‘ಕಾನೂನು ಇರಲಿ’ ಅಂದವು. ಬಹುಪಾಲು ಜನ ಪತ್ರ ವಾಪಸ್ಸೇ ಕಳಿಸಿರಲಿಲ್ಲ. ಪಾರ್ಲಿಮೆಂಟ್ ಜಗ್ಗಲಿಲ್ಲ. 99ಕ್ಕೆ 17 ಓಟಿನಲ್ಲಿ ಕಾನೂನು ಹೋಯಿತು, ಇಂಗ್ಲೆಂಡ್‌ಗಿಂತ ಮೂರು ವರ್ಷ ಮೊದಲು. 2014ರ ಡಿಸೆಂಬರ್ 31ರಂದು, ಸ್ಕಾಟ್ಲೆಂಡಿಗೇ ದೊಡ್ಡ ಹಬ್ಬವಾದ ಹೊಗ್ಮನೇ ದಿನ, ಮೊದಲ ಸಲಿಂಗ ಮದುವೆಗಳಾದವು. 2018ರಲ್ಲಿ ಶಾಲೆಯ ಪಾಠದಲ್ಲೇ ಈ ವಿಷಯ ಸೇರಿಸುತ್ತೇವೆ ಅಂತ ಸರ್ಕಾರ ಒಪ್ಪಿತು. ನನ್ನ ಮಗಳ ಪ್ರಶ್ನೆಯ ಬೇರು ಅಲ್ಲಿದೆ.

ಅಜ್ಜ ಮತ್ತು ಅವರ ಪಾಲ್ ಮದುವೆಗೆ ಕಾಯಲಿಲ್ಲ. ಪಾಲ್‌ಗೆ ಅಷ್ಟು ಆಯಸ್ಸೂ ಇರಲಿಲ್ಲ. ಅದಕ್ಕೂ ಮುಂಚೆ, 2005ರ ಡಿಸೆಂಬರ್ 20ರಿಂದ, ಇಲ್ಲಿ ಸಿವಿಲ್ ಪಾರ್ಟ್‌ನರ್‌ಶಿಪ್, ಅಂದರೆ ಮದುವೆಯಂಥದ್ದೇ ಕಾನೂನಿನ ನೋಂದಣಿ, ಸಿಗುತ್ತಿತ್ತು. ಇಂಗ್ಲೆಂಡ್‌ನಲ್ಲಿ 21ರಿಂದ. “ಹದಿಮೂರು ವರ್ಷ ಹಿಂದೆ ಇದ್ದವರು ಒಂದು ದಿನ ಮುಂದೆ ಹೋದ್ವಿ” ಅಂತ ಅಜ್ಜ ಈಗಲೂ ಬೀಗುತ್ತಾರೆ. ಮುಂದಿನ ವಸಂತದಲ್ಲಿ ನೋಂದಣಿ ಮಾಡಿಸಿಕೊಂಡು, ವಾಪಸ್ ಬರುವ ದಾರಿಯಲ್ಲಿ ಫಲಕದ ಮೇಲೆ ಎರಡನೇ ಹೆಸರು ಕೆತ್ತಿಸಲು ಕೊಟ್ಟರು. ಲಾಡ್ಜರ್ ಅವತ್ತು ಮನೆಯವರಾದರು.

2017ರ ನವೆಂಬರ್ 7ರಂದು ಮುಖ್ಯಮಂತ್ರಿ ನಿಕೋಲಾ ಸ್ಟರ್ಜನ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಹಳೇ ಕಾನೂನಿನಿಂದ ಶಿಕ್ಷೆಗೊಳಗಾದ ಗಂಡಸರ ಕ್ಷಮೆ ಕೇಳಿದರು. ಮರುವರ್ಷ ಕಾಯ್ದೆಯೂ ಬಂತು. ಅದರಲ್ಲಿ ಎರಡು ಭಾಗ. ಮಾಫಿ ತಾನಾಗಿಯೇ ಸಿಗುತ್ತದೆ, ಯಾರೂ ಕೇಳಬೇಕಿಲ್ಲ. ಆದರೆ ಪೊಲೀಸ್ ದಾಖಲೆಯಿಂದ ಆ ಶಿಕ್ಷೆ ಹೋಗಬೇಕಾದರೆ ಅರ್ಜಿ ಹಾಕಬೇಕು. ನಾನು ಕಂಪ್ಯೂಟರ್ ಕೆಲಸದವಳು, ಹತ್ತು ನಿಮಿಷದಲ್ಲಿ ತುಂಬಿಕೊಡ್ತೀನಿ ಅಂದೆ.

ಬೇಡ ಅಂದರು. ಮತ್ತೊಂದು ಭಾನುವಾರ ಕೇಳಿದೆ. ಬೇಡ.

“ಅಳಿಸಿಬಿಟ್ರೆ ನಡೆದೇ ಇಲ್ಲ ಅಂತಾಗುತ್ತೆ. ಅವರು ಮಾಡಿದ್ದು ಅವರ ಕಡತದಲ್ಲೇ ಇರಲಿ. ನನ್ನನ್ನ ವೀಶ್ಟ್ ಅಂದಿದ್ದು ಸಾಕು. ಈಗ ನನ್ನ ಕಾಗದವನ್ನೂ ವೀಶ್ಟ್ ಮಾಡೋದಾ?”

ಇದು ಸರಿಯೋ ತಪ್ಪೋ, ನಾನು ವಾದ ಮಾಡಲಿಲ್ಲ. ಉದ್ಯೋಗಕ್ಕೆ, ವೀಸಾಗೆ ದಾಖಲೆ ಅಡ್ಡ ಬರುವವರಿಗೆ ಆ ಅರ್ಜಿ ದೊಡ್ಡ ಉಪಕಾರವೇ. ಆದರೆ 2022ರ ಜನಗಣತಿಯಲ್ಲಿ ಸ್ಕಾಟ್ಲೆಂಡ್ ಮೊದಲ ಬಾರಿಗೆ ಲೈಂಗಿಕ ಒಲವಿನ ಪ್ರಶ್ನೆ ಕೇಳಿದಾಗ ಇದೇ ಅಜ್ಜ ಕನ್ನಡಕ ಒರೆಸಿಕೊಂಡು, ಅರ್ಧ ಗಂಟೆ ಕೂತು, ಖುಷಿಯಾಗಿ ಟಿಕ್ ಹಾಕಿದರು. ಉತ್ತರಿಸಲೇಬೇಕು ಅಂತ ಕಡ್ಡಾಯ ಇರಲಿಲ್ಲ. 16 ದಾಟಿದವರಲ್ಲಿ 1,83,860 ಜನ, ಅಂದರೆ ಶೇ. 4, ತಾವು ಲೆಸ್ಬಿಯನ್, ಗೇ, ಬೈಸೆಕ್ಶುಯಲ್ ಅಥವಾ ಅಂಥದ್ದೇ ಬೇರೆ ಅಂತ ಬರೆದರು. ಸುಮಾರು 20 ಸಾವಿರ ಜನ ಟ್ರಾನ್ಸ್, ಅಂದರೆ ಹುಟ್ಟಿದಾಗ ಹೇಳಿದ ಲಿಂಗ ತಮ್ಮದಲ್ಲ, ಅಂತ ಬರೆದರು.

ಆ ಇಪ್ಪತ್ತು ಸಾವಿರ ಜನರ ಸುತ್ತಲೇ ಈಗಿನ ಜಗಳವೆಲ್ಲ. ಲಿಂಗವನ್ನು ಕಾನೂನಿನಲ್ಲಿ ಬದಲಾಯಿಸಿಕೊಳ್ಳುವುದನ್ನು ಸುಲಭ ಮಾಡುವ ಮಸೂದೆ 2022ರ ಡಿಸೆಂಬರಿನಲ್ಲಿ 86ಕ್ಕೆ 39 ಓಟಿನಲ್ಲಿ ಪಾಸಾಯಿತು. ಮರು ತಿಂಗಳೇ ಲಂಡನ್ ಸರ್ಕಾರ ತಡೆಯಿತು. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಸಮಾನತೆ ಕಾಯ್ದೆಯಲ್ಲಿ ಹೆಣ್ಣು ಅಂದರೆ ಹುಟ್ಟಿನಿಂದ ಹೆಣ್ಣು ಅಂತ ತೀರ್ಪು ಕೊಟ್ಟಿತು. ಮಸೂದೆಯನ್ನು ವಿರೋಧಿಸಿದ ಹೆಂಗಸರ ಘೋಷಣೆ ಏನು ಗೊತ್ತಾ? ‘ಹೆಂಗಸರು ವೀಶ್ಟ್ ಅನ್ನಿಸಿಕೊಳ್ಳಲ್ಲ’ ಅಂತ. ಅದೇ ಪದ! ಎರಡೂ ಕಡೆಯವರಿಗೆ ತಮ್ಮ ಬಾಯಿ ಮುಚ್ಚಿಸುತ್ತಿದ್ದಾರೆ ಅನ್ನಿಸಿದೆ. ಆ ಹೆಂಗಸರ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಆದರೆ ತೀರ್ಪು ಬಂದ ವಾರ ನಮ್ಮ ಆಫೀಸಿನ ಟ್ರಾನ್ಸ್ ಗೆಳತಿ ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಟ್ಟಿದ್ದಳು, ಯಾವ ಟಾಯ್ಲೆಟ್ಟಿಗೆ ಹೋಗಬೇಕು ಅಂತ ತಿಳಿಯದೆ. ನಾನು ಅವಳ ಕಡೆ.

ಇನ್ನೊಂದು ವಿಷಯ ಬರೆಯಬೇಕು. ಬರೆಯಲೋ ಬೇಡವೋ ಅಂತ ಎರಡು ವಾರ ಯೋಚಿಸಿದೆ.

ಅಜ್ಜನ ಪಾಲ್ ಲೂಯಿಸ್ ದ್ವೀಪದವರು, ಗೇಲಿಕ್ ಮಾತಾಡುವ ಮನೆ. ಭಾನುವಾರ ಅಂದರೆ ದೇವರ ದಿನ ಅನ್ನುವ ಊರು ಅದು. ದ್ವೀಪದ ಮುಖ್ಯ ಪಟ್ಟಣ ಸ್ಟೋರ್ನೊವೇಗೆ 2009ರವರೆಗೆ ಭಾನುವಾರ ಹಡಗೇ ಬರುತ್ತಿರಲಿಲ್ಲ. (ಅದೇ ಸ್ಟೋರ್ನೊವೇಯಲ್ಲಿ 2018ರ ಅಕ್ಟೋಬರಿನಲ್ಲಿ ಪ್ರೈಡ್ ಮೆರವಣಿಗೆ ಹೋಯಿತು. ಅಜ್ಜ ಸುದ್ದಿ ಕೇಳಿ ಒಂದು ಪೆಗ್ ಜಾಸ್ತಿ ಕುಡಿದರು.) ಪಾಲ್ ತೀರಿಕೊಂಡಾಗ ಮಣ್ಣು ಮಾಡಿದ್ದು ಅಲ್ಲೇ, ಸಮುದ್ರದ ದಂಡೆಯ ಸ್ಮಶಾನದಲ್ಲಿ. ಸ್ಕಾಟ್ಲೆಂಡಿನಲ್ಲಿ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವುದು ಮನೆಯವರೇ, ಹಗ್ಗ ಹಿಡಿದು. ಯಾರಿಗೆ ಯಾವ ಹಗ್ಗ ಅಂತ ಸಣ್ಣ ಕಾರ್ಡಿನಲ್ಲಿ ನಂಬರ್ ಬರೆದು ಮುಂಚೆಯೇ ಕೊಡುತ್ತಾರೆ. ಒಂದನೇ ನಂಬರ್ ತಲೆಯ ಕಡೆಯದ್ದು. ಅದು ಅತಿ ಹತ್ತಿರದವರಿಗೆ. ನಮ್ಮಲ್ಲಿ ಬೆಂಕಿ ಮಡಕೆ ಯಾರು ಹಿಡಿಯಬೇಕು ಅನ್ನುವ ಹಾಗೆ.

ಮೂವತ್ತು ವರ್ಷ ಆ ಮನೆಯವರು ಅಜ್ಜನನ್ನು ಗೆಳೆಯ ಅಂತಲೇ ಕರೆದಿದ್ದರು. ಎರಡು ಸಲ ಮಾತ್ರ ಊರಿಗೆ ಕರೆದಿದ್ದರು. ಆರೋ ಏಳೋ ನಂಬರ್ ಸಿಗಬಹುದು ಅಂತ ಅಜ್ಜ ಅಂದುಕೊಂಡಿದ್ದರು. ಚರ್ಚಿನ ಹೊರಗೆ ಪಾಲ್‌ನ ಅಕ್ಕನ ಮಗ ಬಂದ. ಮೀನುಗಾರ, ದೊಡ್ಡ ಕೈಗಳು. ಏನೂ ಹೇಳದೆ ಒಂದು ಕಾರ್ಡು ಕೈಯಲ್ಲಿಟ್ಟು ಹೋದ. ಒಂದನೇ ನಂಬರ್.

“ಒಂದು ಮಾತಾಡಲಿಲ್ಲ, ಹೆನ್” ಅಂದರು ಅಜ್ಜ. “ಅದೂ ವೀಶ್ಟೇ.”

ನನ್ನ ದೊಡ್ಡ ಮಾವ ಸಾಗರದ ಹತ್ತಿರ ಅಡಿಕೆ ತೋಟ ಮಾಡಿಕೊಂಡಿದ್ದರು. ಮದುವೆ ಆಗಲಿಲ್ಲ. ಅವರಿಗೊಬ್ಬ ಸ್ನೇಹಿತರು, ಹೈಸ್ಕೂಲ್ ಮೇಷ್ಟ್ರು. ಪ್ರತಿ ಶನಿವಾರ ಸಂಜೆ ಬಸ್ಸಿಗೆ ‘ಬಂದರು’, ಸೋಮವಾರ ಬೆಳಿಗ್ಗೆ ‘ಹೋದರು’. ನಮಗೆ ಪೆಪ್ಪರಮಿಂಟು ತರುತ್ತಿದ್ದರು. ಮಾವ ತೀರಿಕೊಂಡ ದಿನ ಅಂಗಳದ ತುಂಬ ಜನ. ಮೇಷ್ಟ್ರು ಒಳಗೆ ಬರಲಿಲ್ಲ. ದಣಪೆಯ ಹೊರಗೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ಕೊಡೆ ಮಡಚಿಕೊಂಡು ನಿಂತಿದ್ದರು. ಮಳೆ ಬರುತ್ತಿತ್ತು. ಬನ್ನಿ ಅಂತ ಯಾರೂ ಅನ್ನಲಿಲ್ಲ. ಐದು ಗಂಟೆ ಬಸ್ಸಿಗೆ ಹೋದರು. ನನಗೆ ಆಗ ಇಪ್ಪತ್ತೆರಡು ವರ್ಷ, ಏನೂ ತಿಳಿಯದ ವಯಸ್ಸಲ್ಲ. ನಾನೂ ಅನ್ನಲಿಲ್ಲ. ಅವರಿಬ್ಬರ ನಡುವೆ ಏನಿತ್ತು ಅಂತ ನಾನು ಹೇಳಲಾರೆ. ಯಾರೂ ಕೇಳಿರಲಿಲ್ಲವಲ್ಲ.

ಹೋದ ತಿಂಗಳು ಅಜ್ಜನ ಬೆರಳು ಸಂಧಿವಾತದಿಂದ ಮಡಚಲೇ ಆಗುತ್ತಿರಲಿಲ್ಲ. ಫಲಕ ಕಪ್ಪಾಗಿದೆ, ಉಜ್ಜಿಕೊಡ್ತೀಯಾ ಅಂತ ಬ್ರಾಸೋ ಡಬ್ಬ ಕೊಟ್ಟರು. ಒಳಗೆ ಒಣಗಿ ಕಲ್ಲಾಗಿತ್ತು. ನಾನು ಮೇಲೆ ಹೋಗಿ ಹುಣಸೆಹಣ್ಣು ನೆನೆಸಿ ತಂದೆ. “ಏನದು ಕೊಚ್ಚೆ?” ಅಂದರು. ದೇವರ ದೀಪ ಉಜ್ಜೋದು ಇದರಲ್ಲೇ ಅಂದೆ. ಮಗಳು ಹಳೇ ಬಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತಳು.

ಐದು ನಿಮಿಷದಲ್ಲಿ ಹಿತ್ತಾಳೆ ಬಂಗಾರದ ಹಾಗೆ ಬಂತು. ಮೇಲಿನ ಹೆಸರಿನ ಅಕ್ಷರ ಸವೆದುಹೋಗಿದೆ, ನಲವತ್ತು ವರ್ಷ ಉಜ್ಜಿ ಉಜ್ಜಿ. ಕೆಳಗಿನದ್ದು ಇನ್ನೂ ಚೂಪಾಗಿದೆ. ಬೆರಳಾಡಿಸಿದರೆ ತಾಗುತ್ತದೆ.